ಅಕ್ಕನಿಗೆ ಹೇಳದೆ ಬಿಟ್ಟದ್ದು

ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಶುಕ್ರವಾರ ಶುಗರು ಕಾಯಿಲೆಯವರಿಗೆ ಕ್ಲಾಸು. ನನ್ನ ಅಕ್ಕ ಲೋಲಾಕ್ಷಿಗೆ ಮೊದಲ ಸಾಲಿನಲ್ಲೇ ಕುರ್ಚಿ ಕೊಟ್ಟರು. ಅವಳಿಗೆ ಕಿವಿ ಕೇಳುವುದಿಲ್ಲ ಎಂದು ಬಾಗಿಲಲ್ಲೇ ಹೇಳಿದ್ದೆ. ಹುಟ್ಟಿದಾಗಿನಿಂದ ಕೇಳುವುದಿಲ್ಲ ಎಂದೂ ಹೇಳಿದ್ದೆ. ಮುಂದೆ ಕೂತರೆ ಕೇಳೀತು ಅಂದುಕೊಂಡರೋ ಏನೋ. ಮುಂದೆ ಕೂರಿಸಿ ಮೈಕು ಹಿಡಿದರು.

ಡಾಕ್ಟರ್ ಚಿನ್ಮಯೀ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಪಾಪ, ಯಾರೋ ಕೆಟ್ಟ ಡಾಕ್ಟರ ಕೈಗೆ ಸಿಕ್ಕಿದರು ಎಂದು ನೀವು ಸಮಾಧಾನ ಮಾಡಿಕೊಂಡೀರಿ. ಸಣ್ಣ ಪ್ರಾಯ, ಮೆತ್ತಗಿನ ಮಾತು, ಯಾರಿಗೂ ಗದರಿದವರಲ್ಲ. ಆದರೆ ಬಾಯಿಗೆ ಮಾಸ್ಕು ಇತ್ತು. ತುಟಿ ನೋಡಿ ಅಷ್ಟಿಷ್ಟು ಊಹಿಸುವವಳು ಅಕ್ಕ. ಆ ತುಟಿ ಮಾಸ್ಕಿನೊಳಗೆ. ಹಿಂದಿನ ಪರದೆಯಲ್ಲಿ ಅಕ್ಷರಗಳು ಬಂದು ಹೋಗುತ್ತಿದ್ದವು. ಅಕ್ಕ ಶಾಲೆ ಕಂಡವಳಲ್ಲ. ಕಿವಿ ಕೇಳದ ಮಕ್ಕಳ ಶಾಲೆ ಮಂಗಳೂರಿನಲ್ಲಿ ಉಂಟು ಎಂದು ಯಾರೋ ಅಪ್ಪನಿಗೆ ಹೇಳಿದ್ದರಂತೆ. ಹೆಣ್ಣು ಮಗುವನ್ನು ಅಷ್ಟು ದೂರ ಬಿಡುವುದಾ ಎಂದು ಅಪ್ಪ ಬಿಟ್ಟಿರಲಿಲ್ಲ. ನಾನು ನಮ್ಮೂರು ಕಾಣಿಯೂರಿನ ಶಾಲೆಗೆ ಹೋದೆ. ಅವಳು ಸೌದೆಗೆ ಹೋದಳು.

ಕ್ಲಾಸಿನ ಮಧ್ಯೆ ಡಾಕ್ಟರು ಏನೋ ತಮಾಷೆ ಹೇಳಿದರು. ಮದುವೆ ಮನೆಗೆ ಹೋದ ಗಂಡಸರು ಹೋಳಿಗೆಯನ್ನು ಹೆಂಡತಿಯ ಕಣ್ಣು ತಪ್ಪಿಸಿ ತಿನ್ನುವ ಕಥೆ. ಎಲ್ಲರೂ ನಕ್ಕರು. ಅಕ್ಕ ಆಚೆ ಈಚೆ ನೋಡಿದಳು. ಎಲ್ಲರ ಹಲ್ಲು ಕಂಡಿತು. ಅವಳೂ ನಕ್ಕಳು. ಅವಳು ನಗುವ ಹೊತ್ತಿಗೆ ಉಳಿದವರು ನಕ್ಕು ಮುಗಿದಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ನಾಚಿಕೆಯಾಯಿತು. ನಾಚಿಕೆಯಾದದ್ದು ಅವರಿಂದಲ್ಲ, ಅಕ್ಕನಿಂದ.

ಅವಳು ನನ್ನ ಸೆರಗು ಎಳೆದು ಅಂಗೈ ತಿರುಗಿಸಿದಳು. ಎಂತ ಎಂದು ಅರ್ಥ. ತಡಿ ಎಂದು ಕೈ ತೋರಿಸಿದೆ. ಮತ್ತೆ ಎಳೆದಳು. ಮತ್ತೆ ತಡಿ ಎಂದೆ.

ಕೊನೆಗೆ ಡಾಕ್ಟರು ಹೇಳಿದ್ದು ನನಗೆ ಈಗಲೂ ಅಕ್ಷರಕ್ಕೆ ಅಕ್ಷರ ನೆನಪಿದೆ.

"ಮಾತ್ರೆ ತಿಂದು ಹೊಟ್ಟೆ ಖಾಲಿ ಇಡ್ಬೇಡಿ. ಶುಗರ್ ಒಮ್ಮೆಲೆ ಇಳೀತದೆ. ಕೈ ನಡುಗ್ತದೆ, ಬೆವರ್ತದೆ, ಕಣ್ಣು ಕತ್ತಲೆ ಬರ್ತದೆ. ಆಗ ಕೂಡ್ಲೇ ಸಕ್ಕರೆ ತಿನ್ಬೇಕು. ಆ ಹೊತ್ತಿಗೆ ಸಕ್ಕರೆಯೇ ಮದ್ದು. ಮರೀಬೇಡಿ, ಆಯ್ತಾ?"

ಎಲ್ಲರೂ ಆಯ್ತು ಅಂದರು. ನಾನೂ ಅಂದೆ.

ಹೊರಡುವಾಗ ಒಂದು ಕರಪತ್ರವನ್ನು ನನ್ನ ಕೈಗೆ ಕೊಟ್ಟು, "ನೀವು ಅವರಿಗೆ ಎಲ್ಲ ಹೇಳಿಬಿಡಿ," ಎಂದರು. ಅಕ್ಕನ ಕಾಯಿಲೆ, ಅಕ್ಕನ ಮಾತ್ರೆ, ಅಕ್ಕನ ರಕ್ತ. ಮಾತು ಪೂರಾ ನನ್ನೊಟ್ಟಿಗೆ. ಅವಳು ನಮ್ಮಿಬ್ಬರ ಮಧ್ಯೆ ನಿಂತು ನಮ್ಮ ಮುಖವನ್ನು ನೋಡುತ್ತಿದ್ದಳು.

ಬಸ್‌ಸ್ಟ್ಯಾಂಡಿಗೆ ಬಂದಾಗ ಕಾಣಿಯೂರಿನ ಬಸ್ಸು ಹೊರಡಲು ನಿಂತಿತ್ತು. ಹತ್ತುವ ಮೊದಲು ಅಕ್ಕ ನನ್ನನ್ನು ಕಂಬದ ಹತ್ತಿರ ನಿಲ್ಲಿಸಿದಳು. ಈಗ ಹೇಳು ಎಂದಳು.

ನಮ್ಮದು ಮನೆಯ ಕೈಮಾತು. ಟಿವಿಯ ಮೂಲೆಯಲ್ಲಿ ಕಾಣುವಂಥದ್ದಲ್ಲ. ನಾನು, ಅಕ್ಕ, ಅಮ್ಮ ಸೇರಿ ಬೇಕು ಬೇಕಾದ ಹಾಗೆ ಮಾಡಿಕೊಂಡದ್ದು. ಅಮ್ಮ ಹೋದ ಮೇಲೆ ಅದನ್ನು ಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ. ಗಂಜಿ, ಮೀನು, ಬಸ್ಸು, ಜ್ವರ, ಜಗಳ ಎಲ್ಲದಕ್ಕೂ ಕೈ ಉಂಟು. ಇಲ್ಲದ್ದನ್ನು ನಾಟಕ ಮಾಡಿ ತೋರಿಸಬೇಕು. ಡಾಕ್ಟರು ಹೇಳಿದ್ದನ್ನು ಹೇಳಲು ನಾನು ಅಲ್ಲಿ ನಡುಗಬೇಕಿತ್ತು, ಬೆವರು ಒರೆಸಬೇಕಿತ್ತು, ಬೀಳುವವಳ ಹಾಗೆ ಮಾಡಬೇಕಿತ್ತು. ಸುತ್ತ ಜನ. ಕಾಲೇಜಿನ ಮಕ್ಕಳು. ಆಗಲೇ ಇಬ್ಬರು ನಮ್ಮ ಕೈಗಳನ್ನು ನೋಡುತ್ತಿದ್ದರು. ಕಂಡಕ್ಟರು ರೈಟ್ ಅಂದ.

ನಾನು ಬೆರಳ ತುದಿ ನೆಕ್ಕಿದೆ. ಸಕ್ಕರೆ. ಒಂದೆರಡು ಹೆಜ್ಜೆ ಕುಂಟಿದೆ. ಅಪ್ಪ. ಅಂಗೈಯಿಂದ ಮೊಣಕಾಲ ಕೆಳಗೆ ಕಡಿದೆ. ಕಣ್ಣು ಮುಚ್ಚಿ ಕತ್ತು ವಾಲಿಸಿದೆ. ಬೆರಳು ಅಲ್ಲಾಡಿಸಿದೆ. ಸಕ್ಕರೆ ಬೇಡ. ಸೂರ್ಯ ಹುಟ್ಟುವಾಗ ಮಾತ್ರೆ, ಮುಳುಗುವಾಗ ಮಾತ್ರೆ. ಮುಗಿಯಿತು. ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ.

ನಮ್ಮ ಅಪ್ಪ ಡೊಂಬಯ್ಯನಿಗೆ ಶುಗರಿನಿಂದಲೇ ಕಾಲು ಹೋದದ್ದು. ಆ ಹುಣ್ಣು ತೊಳೆದವಳು ಅಕ್ಕ. ಹುಳ ತೆಗೆದವಳು ಅಕ್ಕ. ಯಾಕೆ ಕಾಲು ಕೊಳೆಯಿತು ಎಂದು ಅವಳಿಗೆ ಒಬ್ಬರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬಸ್ಸು ನರಿಮೊಗರು ದಾಟುವಾಗ ಅವಳು ನನ್ನ ತೋಳು ಅಲುಗಿಸಿದಳು. ಬೆರಳು ನೆಕ್ಕಿ, ಲೋಟದಲ್ಲಿ ಕದಡುವ ಹಾಗೆ ಮಾಡಿ, ಕುಂಟುವ ಹಾಗೆ ಹೆಗಲು ವಾಲಿಸಿ, ತನ್ನ ಎದೆಯನ್ನು ಮುಟ್ಟಿಕೊಂಡಳು. ಅಪ್ಪನಿಗೆ ಚಾಕ್ಕೆ ಸಕ್ಕರೆ ಹಾಕಿ ಕೊಡುತ್ತಿದ್ದದ್ದು ನಾನಲ್ಲವಾ?

ಹೌದು, ಅವಳೇ. ಅಪ್ಪ ಕೇಳಿದಾಗಲೆಲ್ಲ ಕೊಡುತ್ತಿದ್ದಳು. ಪಾಪ, ಕಾಲಿಲ್ಲದ ಮನುಷ್ಯ ಎಂದು ಒಂದು ಚಮಚ ಜಾಸ್ತಿ ಹಾಕುತ್ತಿದ್ದಳು. ಅವಳ ಗಂಟಲಿನಿಂದ ದೊಡ್ಡದಾಗಿ ಒಂದು ಸ್ವರ ಬಂತು. ತನ್ನ ಸ್ವರ ಎಷ್ಟು ದೊಡ್ಡದು ಎಂದು ಅವಳಿಗೆ ತಿಳಿಯುವುದಿಲ್ಲ. ಬಸ್ಸಿನವರೆಲ್ಲ ತಿರುಗಿದರು. ನಿನ್ನ ತಪ್ಪಲ್ಲ ಎಂದು ನಾನು ಹೇಳಬಹುದಿತ್ತು. ಅದಕ್ಕೆ ನಮ್ಮಲ್ಲಿ ಕೈ ಉಂಟು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ.

ನಾವಿಬ್ಬರೂ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸಕ್ಕೆ. ನಾನು ಒಳಗಿನ ಕೋಣೆಯಲ್ಲಿ ತಿರುಳಿನ ಮೇಲಿನ ತೆಳು ಪೊರೆ ತೆಗೆಯುವವಳು. ಅದು ಸ್ವಲ್ಪ ಮರ್ಯಾದೆಯ ಕೆಲಸ. ಅಕ್ಕ ಕಟ್ಟಿಂಗಿನಲ್ಲಿ. ಕಾಲಿನಿಂದ ಪೆಡಲು ಒತ್ತಬೇಕು, ಕೈಯಿಂದ ಹಿಡಿ ಎಳೆಯಬೇಕು, ಬೀಜ ಎರಡಾಗಬೇಕು. ಬೆಳಗಿನಿಂದ ಸಂಜೆಯವರೆಗೆ ಅದೇ ಕಾಲು, ಅದೇ ಕೈ. ಬೀಜದ ಗಟ್ಟಿ ಸಿಪ್ಪೆಯ ಎಣ್ಣೆ ತಾಗಿದಲ್ಲೆಲ್ಲ ಚರ್ಮ ಸುಟ್ಟು ಏಳುತ್ತದೆ. ಬೂದಿ ಮೆತ್ತಿಕೊಂಡರೂ ಬಿಡುವುದಿಲ್ಲ. ಅವಳ ಬೆರಳುಗಳು ಕಪ್ಪಾಗಿ ದಡ್ಡುಗಟ್ಟಿವೆ. ಆಸ್ಪತ್ರೆಯ ನರ್ಸು ರಕ್ತಕ್ಕೆಂದು ಚುಚ್ಚಿದರೆ ಸೂಜಿ ಒಳಗೆ ಹೋಗಲಿಲ್ಲ. "ಎಂತ ಬೆರಳಪ್ಪ ಇದು," ಎಂದು ನರ್ಸು ನನ್ನನ್ನು ಕೇಳಿದ್ದಳು.

ಪೆಡಲು ಒತ್ತುವ ಕಾಲಿನ ಅಡಿಯಲ್ಲಿ ಅಕ್ಕನಿಗೆ ಒಂದು ಹುಣ್ಣಾಗಿತ್ತು. ನೋವಿಲ್ಲ ಎನ್ನುತ್ತಿದ್ದಳು. ನೋವಿಲ್ಲದ್ದೇ ಕೆಟ್ಟದ್ದು ಎಂದು ಕ್ಲಾಸಿನಲ್ಲಿ ಹೇಳಿದ್ದರು. ಅದನ್ನೂ ನಾನು ಹೇಳಿರಲಿಲ್ಲ.

ಸೂಪರ್‌ವೈಸರ್ ಜಯಪ್ರಕಾಶ್ ಅವಳನ್ನು ಕರೆಯಬೇಕಾದರೆ ಬೀಜದ ಸಿಪ್ಪೆ ಹೆಕ್ಕಿ ಬೆನ್ನಿಗೆ ಎಸೆಯುತ್ತಾನೆ. ನನ್ನನ್ನು ವಾರಿಜಕ್ಕ ಎನ್ನುತ್ತಾನೆ. ಅವಳನ್ನು ಕೆಪ್ಪಿ ಎನ್ನುತ್ತಾನೆ. ಹತ್ತಿರ ಬಂದು ಹೆಗಲು ಮುಟ್ಟಿದರೆ ಸಾಕು ಎಂದು ಒಮ್ಮೆ ಹೇಳಿದ್ದೆ. "ಹೆಂಗಸರನ್ನು ಮುಟ್ಲಿಕ್ಕಾಗ್ತದಾ ವಾರಿಜಕ್ಕ?" ಎಂದ. ಎಸೆಯಲಿಕ್ಕೆ ಆಗುತ್ತದೆ. ಅವಳ ಕುತ್ತಿಗೆಯ ಹಿಂದೆ ಸಿಪ್ಪೆಯ ಎಣ್ಣೆ ಸುಟ್ಟ ಕಲೆಗಳಿವೆ.

ಕ್ಲಾಸಿನ ಮರುದಿನದಿಂದ ಅಕ್ಕ ಸಕ್ಕರೆ ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದರೆ ಡಬ್ಬವನ್ನೂ ಮುಟ್ಟಲಿಲ್ಲ. ಮನೆಯ ಸಕ್ಕರೆ ಡಬ್ಬವನ್ನು ಬಟ್ಟೆಯಲ್ಲಿ ಹಿಡಿದು ಆಚೆ ಮನೆಗೆ ಕೊಟ್ಟುಬಂದಳು. ಫ್ಯಾಕ್ಟರಿಯಲ್ಲಿ ಹತ್ತು ಗಂಟೆಗೆ ಎಲ್ಲರಿಗೂ ಚಾ, ರಸ್ಕು. ಆ ಚಾಕ್ಕೆ ಸಕ್ಕರೆ ಹಾಕಿಯೇ ತರುವುದು. ಅವಳು ಚಾ ಬಿಟ್ಟಳು, ರಸ್ಕೂ ಸಿಹಿ ಎಂದು ಅದನ್ನೂ ಬಿಟ್ಟಳು. ಸಂಬಂಧಿಕರ ಮದುವೆಯಲ್ಲಿ ಪಾಯಸದ ಸೌಟು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತಳು.

"ನಿನ್ನ ಅಕ್ಕನನ್ನು ನೋಡಿ ಕಲೀಬೇಕು ಮಾರಾಯ್ತಿ. ನಮ್ಮವರಿಗೆ ಎಷ್ಟು ಹೇಳಿದ್ರೂ ಕೇಳುದಿಲ್ಲ," ಎಂದಳು ಸಫಿಯಮ್ಮ. ಕಟ್ಟಿಂಗಿನಲ್ಲಿ ಅಕ್ಕನ ಪಕ್ಕದ ಮಿಶಿನು ಅವಳದು. ಅವಳ ಗಂಡನಿಗೂ ಶುಗರು.

ನನಗೆ ಹೆಮ್ಮೆಯಾಯಿತು. ನಾನು ಹೇಳಿಕೊಟ್ಟದ್ದಲ್ಲವಾ ಎಂದುಕೊಂಡೆ. ಆ ಹೆಮ್ಮೆಯನ್ನು ನೆನೆದರೆ ಈಗ ನನಗೆ ನನ್ನ ಮುಖಕ್ಕೇ ಉಗಿಯಬೇಕು ಅನಿಸುತ್ತದೆ.

ಒಂದು ದಿನ ಫ್ಯಾಕ್ಟರಿಯ ಲೋಡು ಬೇಗ ಹೋಗಬೇಕಿತ್ತು. ಬೇಗ ಬನ್ನಿ ಎಂದಿದ್ದರು. ಅಕ್ಕ ಬೆಳಕು ಹರಿಯುವಾಗ ಮಾತ್ರೆ ನುಂಗಿದಳು. ಸಪ್ಪೆ ಚಾ ಕುಡಿದಳು. ಗಂಜಿಯನ್ನು ಬುತ್ತಿಗೆ ತುಂಬಿಸಿಕೊಂಡು ಬಸ್ಸಿಗೆ ಓಡಿದಳು. ನಾನು ಹಿಂದಿನ ದಿನದ ದೋಸೆ ತಿಂದುಕೊಂಡೇ ಹೊರಟಿದ್ದೆ. ಅವಳು ತಿಂದಳಾ ಎಂದು ನೋಡಲಿಲ್ಲ.

ಚಾದ ಹೊತ್ತು ಕಳೆದ ಮೇಲೆ ಕಟ್ಟಿಂಗಿನ ಕಡೆಯಿಂದ ಸಫಿಯಮ್ಮನ ಬೊಬ್ಬೆ ಕೇಳಿತು.

"ಏ ವಾರಿಜಾ! ಬೇಗ ಬಾ! ಲೋಲಾಕ್ಷಿಗೆ ಎಂತದೋ ಆಗ್ತಾ ಉಂಟು!"

ಓಡಿದೆ. ಅಕ್ಕ ಮಿಶಿನಿನ ಹಿಡಿಯನ್ನು ತಬ್ಬಿಕೊಂಡು ಕೂತಿದ್ದಳು. ಕುಪ್ಪಸ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು. ಕೈ ಅದುರುತ್ತಿತ್ತು. ಬಹಳ ಹೊತ್ತಿನಿಂದ ಹಾಗೇ ಇದ್ದಳಂತೆ. ಕೆಲಸ ನಿಂತದ್ದನ್ನು ನೋಡಿ ಜಯಪ್ರಕಾಶ್ ಸಿಪ್ಪೆ ಎಸೆದಿದ್ದನಂತೆ. ಒಂದು ಸಲ. ತಿರುಗದೆ ಇದ್ದಾಗ ಮತ್ತೆ. "ಕೆಪ್ಪಿ ಕೂತಲ್ಲೇ ನಿದ್ದೆ ಮಾಡ್ತಾ ಉಂಟು ನೋಡಿ," ಎಂದು ನಕ್ಕನಂತೆ. ಅವಳ ಜಡೆಯಲ್ಲಿ ಸಿಪ್ಪೆ ಸಿಕ್ಕಿಕೊಂಡಿತ್ತು.

"ಶುಗರ್ ಇಳಿದದ್ದು ಇದು. ನಮ್ಮವರಿಗೂ ಹೀಗೇ ಆಗುದು," ಎಂದು ಸಫಿಯಮ್ಮ ಚಾದ ಕೋಣೆಗೆ ಓಡಿ ಒಂದು ಹಿಡಿ ಸಕ್ಕರೆ ತಂದಳು. ಅಕ್ಕನ ಬಾಯಿಗೆ ಹಿಡಿದಳು.

ಅಕ್ಕ ಅದನ್ನು ನೋಡಿದಳು. ಬಿಳಿ ಸಕ್ಕರೆ. ಹಲ್ಲು ಕಚ್ಚಿದಳು.

ಸಫಿಯಮ್ಮ ತುಟಿಯ ಮಧ್ಯೆ ತುರುಕಿದಳು. ಅಕ್ಕ ಉಗುಳಿದಳು. ನಡುಗುವ ಕೈಯಿಂದ ಸಫಿಯಮ್ಮನ ಮುಖಕ್ಕೆ ಹೊಡೆದಳು. ಇನ್ನಿಬ್ಬರು ಹೆಂಗಸರು ಬಂದು ಅವಳ ಕೈ ಹಿಡಿದರು. ಒಬ್ಬಳು ಮೂಗು ಹಿಡಿದಳು. ಅವಳು ತಲೆ ಆಚೆ ಈಚೆ ಹೊಡೆದುಕೊಂಡಳು. ಸಕ್ಕರೆ ಅವಳ ಗಲ್ಲದ ಮೇಲೆ, ಕುತ್ತಿಗೆಯ ಮೇಲೆ, ಬೀಜದ ರಾಶಿಯ ಮೇಲೆ ಚೆಲ್ಲಿತು.

"ನೀನು ಹೇಳು ವಾರಿಜಾ! ನೀನು ಹೇಳಿದ್ರೆ ತಿಂತಾಳೆ!"

ನಾನು ಅವಳ ಎದುರು ಮೊಣಕಾಲೂರಿದೆ. ಅವಳ ಕಣ್ಣು ನನ್ನನ್ನು ಕಂಡಿತು. ನಾನು ಸಕ್ಕರೆ ತೋರಿಸಿದೆ. ತಿನ್ನು ಎಂದೆ. ಅವಳು ನನ್ನನ್ನೇ ನೋಡಿದಳು. ಹೆಗಲು ಒಂದಿಷ್ಟು ವಾಲಿಸಿದಳು. ಅಪ್ಪ ಎಂದಳು. ನೀನೇ ಹೇಳಿದ್ದಲ್ಲವಾ ಎಂಬ ಹಾಗೆ, ಅವರು ಹಿಡಿದಿದ್ದ ಕೈಯಿಂದಲೇ ನನ್ನತ್ತ ಬೆರಳು ತೋರಿಸಿದಳು. ಅವಳ ಕಣ್ಣಿನಲ್ಲಿ ಇದ್ದ ಹೆದರಿಕೆ ಕಾಯಿಲೆಯದ್ದಲ್ಲ. ನಾವೆಲ್ಲ ಸೇರಿ, ನಾನೂ ಸೇರಿ, ಅವಳನ್ನು ಕೊಲ್ಲಲು ಹೊರಟಿದ್ದೇವೆ ಎಂದೇ ಅವಳು ತಿಳಿದಿದ್ದಳು. ಈಗ ಇದೇ ಮದ್ದು ಎಂದು ಹೇಳಲು ನಾನು ಏನೇನೋ ಕೈ ಮಾಡಿದೆ. ಬಸ್‌ಸ್ಟ್ಯಾಂಡಿನ ಕಂಬದ ಹತ್ತಿರ ನಿಧಾನವಾಗಿ ಹೇಳಬೇಕಾಗಿದ್ದದ್ದು ಅದು. ಕೈ ಹಿಡಿದು ಅದುಮಿಟ್ಟ ಹೆಂಗಸಿಗೆ ಈಗ ಹೇಗೆ ಹೇಳುವುದು? ಅವಳ ಕಣ್ಣು ಮೇಲಕ್ಕೆ ಹೋಯಿತು. ಹಲ್ಲು ಮಾತ್ರ ಬಿಡಲಿಲ್ಲ.

ನನ್ನ ಮಾತನ್ನು ಜಗತ್ತಿನಲ್ಲಿ ಅಷ್ಟು ನಿಯತ್ತಾಗಿ ಪಾಲಿಸಿದವರು ಬೇರೆ ಯಾರೂ ಇಲ್ಲ.

ರಿಕ್ಷಾದಲ್ಲಿ ಪುತ್ತೂರಿಗೆ ತಂದೆವು. ಅದೇ ಆಸ್ಪತ್ರೆ. ಕೈಗೆ ಗ್ಲುಕೋಸ್ ಹಾಕಿದರು. ನಾನು ಮಂಚದ ಹತ್ತಿರ ನಿಂತು ಅವಳ ಜಡೆಯಿಂದ ಸಿಪ್ಪೆ ಹೆಕ್ಕುತ್ತಿದ್ದೆ. ವಾರ್ಡಿನ ನರ್ಸು ಬಂದಳು.

"ಮಾತ್ರೆ ತಿಂದು ಖಾಲಿ ಹೊಟ್ಟೆಯಲ್ಲಿ ಇದ್ರಾ? ಕ್ಲಾಸಲ್ಲಿ ಹೇಳಿರ್ಲಿಲ್ವಾ ನಿಮಗೆ?"

ಹೇಳಿದ್ರು, ನಾನೇ ಇವಳಿಗೆ ಹೇಳಲಿಲ್ಲ. ಇಷ್ಟೇ ಉತ್ತರ. ಅದನ್ನು ಬಿಟ್ಟು ನಾನು ಅಕ್ಕನತ್ತ ಬೆರಳು ತೋರಿಸಿದೆ. ನನ್ನ ಕಿವಿ ಮುಟ್ಟಿ ಕೈ ಅಲ್ಲಾಡಿಸಿದೆ.

"ಇವಳಿಗೆ ಗೊತ್ತಾಗುದಿಲ್ಲ ಸಿಸ್ಟರ್," ಎಂದೆ.

ಕೆಳಗೆ ನೋಡಿದರೆ ಅಕ್ಕನ ಕಣ್ಣು ತೆರೆದಿತ್ತು.

ನನ್ನ ಬಾಯಿಯ ಮಾತು ಅವಳಿಗೆ ಕೇಳಲಿಲ್ಲ ನಿಜ. ಆದರೆ ಆ ಕೈ ಅವಳಿಗೆ ಗೊತ್ತು. ಅಂಗಡಿಯವರು, ಬಸ್ಸಿನವರು, ಅವಳನ್ನು ನೋಡಲು ಬಂದು ಹೋದ ಗಂಡುಗಳು, ಎಲ್ಲರೂ ಅವಳನ್ನು ತೋರಿಸಿ ಕಿವಿ ಮುಟ್ಟಿ ಕೈ ಅಲ್ಲಾಡಿಸಿದವರೇ. ನಾನು ಅದುವರೆಗೆ ಮಾಡಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು. ಅವಳು ಕಣ್ಣು ಮುಚ್ಚಿದರೆ ಮಾತು ಮುಗಿಯಿತು. ಮತ್ತೆ ಯಾರೂ ಏನೂ ಹೇಳಲು ಆಗುವುದಿಲ್ಲ.

ಮಧ್ಯಾಹ್ನದ ಮೇಲೆ ಪಕ್ಕದ ಮಂಚದ ಮುದುಕಿ ಒಮ್ಮೆಲೆ ನಡುಗತೊಡಗಿದಳು. ಬೆವರಿದಳು. ನರ್ಸು ಓಡಿ ಬಂದು ಲೋಟದಲ್ಲಿ ಸಕ್ಕರೆ ಕದಡಿ ಕುಡಿಸಿದಳು. ಮುದುಕಿ ಕುಡಿದಳು. ಸ್ವಲ್ಪ ಹೊತ್ತಿನಲ್ಲಿ ಎದ್ದು ಕೂತು ಮಗಳಿಗೆ ಬಯ್ಯತೊಡಗಿದಳು. ಅಕ್ಕ ಮಗ್ಗುಲಾಗಿ ಮಲಗಿಕೊಂಡೇ ಅದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಳು. ಮತ್ತೆ ನನ್ನನ್ನು ನೋಡಿ ಅಂಗೈ ತಿರುಗಿಸಿದಳು. ಎಂತ ಅದು?

ನಾನು ನೀರು ತರುವ ನೆವದಲ್ಲಿ ಎದ್ದು ಹೋದೆ.

ಮನೆಗೆ ಬಂದ ಮೇಲೆ ಅಕ್ಕ ಮಾತ್ರೆ ಬಿಟ್ಟಳು. ಎರಡೂ ಪಟ್ಟಿ ಮಾತ್ರೆಯನ್ನು ಕಿಟಕಿಯ ದಂಡೆಯ ಮೇಲಿಟ್ಟಳು. ನಾನು ಕೊಟ್ಟರೆ ಮುಟ್ಟುವುದಿಲ್ಲ. ನಾನು ಬಡಿಸಿದರೆ ಉಣ್ಣುವುದಿಲ್ಲ. ತಾನೇ ಬಡಿಸಿಕೊಂಡು ಗೋಡೆಯ ಕಡೆ ತಿರುಗಿ ಉಣ್ಣುತ್ತಿದ್ದಳು. ನಾನು ಎದುರು ಹೋಗಿ ಕೈ ಎತ್ತಿದರೆ ಕಣ್ಣು ಮುಚ್ಚುತ್ತಿದ್ದಳು. ಬಲವಂತ ಮಾಡಲಿಕ್ಕೆ ನನಗೆ ಯಾವ ಮುಖ? ಕಾಲಿನ ಹುಣ್ಣು ದೊಡ್ಡದಾಯಿತು. ಬಟ್ಟೆ ಬಿಚ್ಚಿದರೆ ವಾಸನೆ ಬಂತು. ಆ ವಾಸನೆ ನಮ್ಮ ಮನೆಗೆ ಹೊಸದಲ್ಲ. ಅಪ್ಪನ ಮಂಚದ ಹತ್ತಿರ ಅದೇ ಇತ್ತು. ಇವಳ ಕಾಲೂ ಹೋಗುತ್ತದೆ, ನಾನೇ ಕಡಿದ ಹಾಗೆ ಹೋಗುತ್ತದೆ ಎಂದು ನನಗೆ ಗೊತ್ತಾಯಿತು.

ಫ್ಯಾಕ್ಟರಿಯಲ್ಲಿ ಜಯಪ್ರಕಾಶ್ ನನ್ನನ್ನು ಕರೆದ. "ವಾರಿಜಕ್ಕ, ಇನ್ನು ಅದನ್ನು ಕರ್ಕೊಂಡು ಬರ್ಬೇಡಿ. ಮಿಶಿನಿನ ಮೇಲೆ ಬಿದ್ದು ಸತ್ರೆ ನಾವು ಕೋರ್ಟು ಸುತ್ಬೇಕು."

"ಅದು ಅಲ್ಲ ಸಾರ್. ಅವಳು," ಎಂದೆ. "ಅವಳಿಗೆ ಹೆಸರುಂಟು."

"ನಾನೆಂತ ಬೈದೆನಾ ಈಗ?" ಎಂದ. ಅವನಿಗೆ ನಿಜವಾಗಿ ಅರ್ಥವಾಗಲಿಲ್ಲ. ನನಗಾದರೂ ಯಾವಾಗ ಅರ್ಥವಾದದ್ದು? ಅವನು ಸಿಪ್ಪೆ ಎಸೆದ, ನಾನು ಎರಡು ಕೈಮಾತು ಎಸೆದೆ. ಹತ್ತಿರ ಹೋಗಿ ಹೇಳುವ ಕಷ್ಟವನ್ನು ಇಬ್ಬರೂ ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನೋಡಿದರೆ ಅಕ್ಕ ಸೀರೆ ಉಟ್ಟು ಜಗಲಿಯಲ್ಲಿ ಕೂತಿದ್ದಳು. ಮಾತ್ರೆಯ ಪಟ್ಟಿಗಳು ಸೆರಗಿನ ಗಂಟಿನಲ್ಲಿ. ಕಿವಿಗೆ ಎರಡು ಬೆರಳಿಟ್ಟು ಎದೆ ಮುಟ್ಟಿದಳು. ಡಾಕ್ಟರು. ತನ್ನನ್ನು ತೋರಿಸಿಕೊಂಡಳು. ಎದ್ದು ಕುಂಟುತ್ತಾ ನಡೆದಳು. ಈ ಸಲ ನಾನು ಅವಳ ಹಿಂದೆ ಹೋದೆ.

ಡಾಕ್ಟರ್ ಚಿನ್ಮಯೀ ಆಸ್ಪತ್ರೆಯ ಚೀಟಿ ನೋಡಿದರು. ಕಾಲಿನ ಬಟ್ಟೆ ಬಿಚ್ಚಿ ನೋಡಿದರು. ಶುಗರು ಮೀಟರಿನಲ್ಲಿ ಬಹಳ ಮೇಲೆ ಹೋಗಿತ್ತು. ಮಾಸ್ಕಿನ ಮೇಲೆ ಅವರ ಹುಬ್ಬು ಗಂಟಾಯಿತು. ನನ್ನ ಕಡೆ ತಿರುಗಿದರು.

"ಇವ್ರು ಮಾತ್ರೆ ತಿಂತಾ ಇಲ್ವಾ? ಯಾಕೆ ಬಿಟ್ಟದ್ದು?"

"ಅವಳನ್ನೇ ಕೇಳಿ ಡಾಕ್ಟ್ರೇ."

"ನೀವು ಕೇಳಿ ಹೇಳಿ ನನಗೆ."

"ನಾನು ಕೇಳುದಿಲ್ಲ," ಎಂದೆ. ಎರಡೂ ಕೈಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ.

"ಇದೆಂತ ಹೀಗೆ ಹೇಳ್ತೀರಿ? ಇವ್ರ ಕಾಲಿನ ಪ್ರಶ್ನೆ ಇದು. ಹೊರಗೆ ಎಷ್ಟು ಜನ ಕಾಯ್ತಾ ಇದ್ದಾರೆ ಗೊತ್ತುಂಟಾ? ನನಗೆ ಸೈನ್ ಲ್ಯಾಂಗ್ವೇಜ್ ಬರುದಿಲ್ಲ ಅಲ್ವಾ. ಯೂಟ್ಯೂಬಲ್ಲಿ ಒಳ್ಳೆ ವಿಡಿಯೋ ಎಲ್ಲ ಉಂಟು, ಅದನ್ನಾದ್ರೂ ತೋರಿಸ್ಬಹುದಿತ್ತು ನೀವು."

"ಅದು ಶಾಲೆಗೆ ಹೋದವ್ರ ಭಾಷೆ ಡಾಕ್ಟ್ರೇ. ಇವಳನ್ನು ಯಾರೂ ಶಾಲೆಗೆ ಕಳಿಸ್ಲಿಲ್ಲ. ಮೈಕಲ್ಲಿ ಹೇಳಿದ್ರಿ, ಕೇಳ್ಲಿಲ್ಲ. ಕಾಗದದಲ್ಲಿ ಕೊಟ್ರಿ, ಓದ್ಲಿಕ್ಕೆ ಬರುದಿಲ್ಲ. ಮತ್ತೆ ನನ್ನ ಕೈಗೆ ಕೊಟ್ರಿ. ನಾನು ಅರ್ಧ ನುಂಗಿದೆ. ಮೂರೂ ಕಡೆ ಇವಳಿಗೆ ಸಿಗ್ಲಿಲ್ಲ. ಇನ್ನು ನಾನು ಹೇಳುದಿಲ್ಲ. ಇವಳಿಗೆ ಹೇಳಿ. ಇವಳ ಮುಖ ನೋಡಿ ಹೇಳಿ. ನಿಮಗೆ ಬರುದಿಲ್ಲಾದ್ರೆ ಬರುವವರನ್ನು ಇಡಿ. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬರಿಲ್ವಾ?"

ಡಾಕ್ಟರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅಕ್ಕ ಮೇಜಿಗೆ ಫಟ್ ಎಂದು ಬಡಿದಳು.

ನಾವಿಬ್ಬರೂ ತಿರುಗಿದೆವು.

ಅವಳು ಸೆರಗಿನ ಗಂಟು ಬಿಚ್ಚಿ ಮಾತ್ರೆಗಳನ್ನು ಮೇಜಿನ ಮೇಲಿಟ್ಟಳು. ನುಂಗಿದ ಹಾಗೆ ಮಾಡಿದಳು. ಸೆರಗು ಸರಿಸಿ ಖಾಲಿ ಹೊಟ್ಟೆಯನ್ನು ಬಡಿದು ತೋರಿಸಿದಳು. ಮತ್ತೆ ಪೆಡಲು ಒತ್ತಿದಳು, ಹಿಡಿ ಎಳೆದಳು, ಒತ್ತಿದಳು, ಎಳೆದಳು. ಕೈ ನಡುಗಿಸಿದಳು. ಹಣೆ ಒರೆಸಿದಳು. ಬಾಯಿಗೆ ಯಾರೋ ತುರುಕುವ ಹಾಗೆ, ತಾನು ಹಲ್ಲು ಕಚ್ಚುವ ಹಾಗೆ. ಕುಂಟಿದಳು. ಕಾಲು ಕಡಿದಳು. ಕಣ್ಣು ಮುಚ್ಚಿ ಕತ್ತು ವಾಲಿಸಿದಳು. ಕಣ್ಣು ತೆರೆದು ವಾರ್ಡಿನ ಕಡೆ ಕೈ ತೋರಿಸಿ, ಮುದುಕಿಯ ಬಾಗಿದ ಬೆನ್ನು ಮಾಡಿ, ನಡುಗಿ, ಲೋಟ ಎತ್ತಿ ಕುಡಿದು, ನೆಟ್ಟಗಾದಳು. ಕಪ್ಪು ಬೆರಳುಗಳ ಎರಡೂ ಅಂಗೈಗಳನ್ನು ಡಾಕ್ಟರ ಮೂಗಿನ ಎದುರು ತಿರುಗಿಸಿದಳು.

ಎಂತ ಇದು?

ನಾನು ಬಸ್‌ಸ್ಟ್ಯಾಂಡಿನಲ್ಲಿ ನಾಚಿ ಮಾಡದೆ ಬಿಟ್ಟ ನಾಟಕವನ್ನು ಅವಳು ಕೊಳೆತ ಕಾಲಿನ ಮೇಲೆ ನಿಂತು ಮಾಡಿದ್ದಳು.

ಡಾಕ್ಟರು ಮಾಸ್ಕು ತೆಗೆದರು. ಮೊದಲ ಸಲ ಅಕ್ಕನನ್ನು ನೋಡಿದರು.

"ಇವರಿಗೆ ಯಾರೂ ಹೇಳ್ಲೇ ಇಲ್ವಾ?" ಎಂದರು. ಆ ಪ್ರಶ್ನೆಯನ್ನು ಯಾರಿಗೆ ಕೇಳಿದರೋ ಗೊತ್ತಿಲ್ಲ.

ಡ್ರಾವರಿನಿಂದ ಗ್ಲುಕೋಸಿನ ಪೊಟ್ಟಣ ತೆಗೆದರು. ತಮ್ಮ ಕೈಯನ್ನು ನಡುಗಿಸಿದರು, ಸರಿಯಾಗಿ ಬರಲಿಲ್ಲ, ಮತ್ತೊಮ್ಮೆ ನಡುಗಿಸಿದರು. ಚಿಟಿಕೆ ಪುಡಿಯನ್ನು ನಿಜವಾಗಿಯೇ ಬಾಯಿಗೆ ಹಾಕಿಕೊಂಡರು. ಕೈ ನಿಂತಿತು. ನೆಟ್ಟಗೆ ಕೂತರು. ತಲೆ ಆಡಿಸಿದರು. ಅಕ್ಕ ನೋಡಿದಳು. ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ಡಾಕ್ಟರು ಇನ್ನೊಮ್ಮೆ ಮಾಡಿದರು. ಅಕ್ಕ ಪೊಟ್ಟಣ ತೆಗೆದುಕೊಂಡು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು. ಬಸ್‌ಸ್ಟ್ಯಾಂಡಿನ ಆ ದಿನದಿಂದ ಅವಳಾಗಿ ಬಾಯಿಗೆ ಹಾಕಿಕೊಂಡ ಮೊದಲ ಸಿಹಿ.

ಆಮೇಲೆ ನನ್ನ ಕಡೆ ತಿರುಗಿದಳು.

ಗೋಡೆಯಾಚೆಯ ಕ್ಲಾಸಿನ ಕೋಣೆಯತ್ತ ಕೈ ಮಾಡಿದಳು. ಸಾಲು ಕುರ್ಚಿ. ಮೈಕು. ನಾನು ಅವಳ ಪಕ್ಕ ಕೂತದ್ದು. ನನ್ನ ಕಿವಿಯನ್ನು ಮುಟ್ಟಿದಳು. ತನ್ನ ಕಿವಿಯನ್ನಲ್ಲ, ನನ್ನ ಕಿವಿಯನ್ನು. ಅವಳ ಬೆರಳು ಒರಟಾಗಿತ್ತು. ಗ್ಲುಕೋಸಿನ ಪೊಟ್ಟಣ ಎತ್ತಿ ಹಿಡಿದಳು.

ಇದು ಅವತ್ತೇ ನಿನಗೆ ಕೇಳಿತ್ತಾ?

ಇಲ್ಲ ಎಂದರೆ ಅವಳು ನಂಬುತ್ತಿದ್ದಳು. ಅವಳಿಗೆ ಪರೀಕ್ಷೆ ಮಾಡಲು ದಾರಿಯೇ ಇರಲಿಲ್ಲ. ಜೀವಮಾನ ಪೂರ್ತಿ ಜಗತ್ತಿನ ಸುದ್ದಿ ಅವಳಿಗೆ ನನ್ನ ಕೈಯಿಂದ ಸಿಕ್ಕಿದಷ್ಟೇ. ನಾನು ಎಷ್ಟು ಬಿಟ್ಟೆ, ಎಷ್ಟು ಕೊಟ್ಟೆ ಎಂದು ಯಾರು ನೋಡಿದ್ದಾರೆ?

ಕಂಕುಳಿಂದ ಕೈ ತೆಗೆದೆ. ಹೌದು ಎಂದೆ.

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಕೈ ಚಾಚಿ ಬಾಗಿಲು ತೋರಿಸಿದಳು.

"ಅಯ್ಯೋ, ನೀವು ಹೋದ್ರೆ ನಾನು ಇವ್ರೊಟ್ಟಿಗೆ ಹೇಗೆ ಮಾತಾಡುದು?" ಎಂದರು ಡಾಕ್ಟರು. "ಕಾಲಿನದ್ದು ಉಂಟು, ಊಟದ್ದು ಉಂಟು, ಇನ್ಸುಲಿನ್ ಶುರು ಮಾಡ್ಬೇಕಾಗ್ತದೆ. ತುಂಬಾ ಕಷ್ಟ ಆಗ್ತದೆ."

"ನನಗೂ ಕಷ್ಟ ಆಗಿತ್ತು ಡಾಕ್ಟ್ರೇ. ಕಷ್ಟ ಅಂತ ಬಿಟ್ಟೆ. ನೀವು ಬಿಡ್ಬೇಡಿ," ಎಂದೆ.

ಅಕ್ಕ ತನ್ನ ಕುರ್ಚಿಯನ್ನು ಎಳೆದು ಡಾಕ್ಟರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಹಾಕಿ ಕೂತಳು. ನನ್ನ ಕಡೆ ಮತ್ತೆ ನೋಡಲಿಲ್ಲ. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಹೊರಗೆ ಬೆಂಚು ತುಂಬ ಜನ. ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಒಳಗೆ ಏನಾಗುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಒಮ್ಮೆ ಡಾಕ್ಟರ ಕುರ್ಚಿ ಸರಿದ ಸದ್ದು. ಒಮ್ಮೆ ಅಕ್ಕನ ಗಂಟಲಿನ ಆ ದೊಡ್ಡ ಸ್ವರ. ಅಳುವೋ, ಪ್ರಶ್ನೆಯೋ, ನನಗೆ ಹೇಳಲು ಯಾರೂ ಇರಲಿಲ್ಲ. ಸಾಲಿನಲ್ಲಿದ್ದವರಿಗೆ ಬೇಸರ ಬಂತು.

"ಆ ಕಿವಿ ಕೇಳದವಳೊಟ್ಟಿಗೆ ಎಂತ ಇಷ್ಟು ಹೊತ್ತು?" ಎಂದ ಒಬ್ಬ ಮುದುಕ. ಕೈಯಲ್ಲಿ ರಕ್ತಪರೀಕ್ಷೆಯ ಚೀಟಿ. "ಹೋಗಿ ಸ್ವಲ್ಪ ನೋಡಿ ಮಾರಾಯ್ರೆ. ನಿಮ್ಮ ಜನ ಅಲ್ವಾ ಅವ್ರು?"

"ಹೌದು. ಅಕ್ಕ."

"ಮತ್ತೆ ನೀವ್ಯಾಕೆ ಹೊರಗೆ ಕೂತದ್ದು?"

"ಹೊರಗೆ ಹೋಗು ಅಂದ್ಲು," ಎಂದೆ. "ಅವಳು ಡಾಕ್ಟ್ರೊಟ್ಟಿಗೆ ಮಾತಾಡ್ತಾ ಇದ್ದಾಳೆ. ಕಾಯಿರಿ."